ಸೆಂಟ್ರಲ್‌ನಲ್ಲಿ ಇಳಿದು ಎಲ್ಲೂ ಹೋಗದ ಪ್ರವಾಸ

ಮೊದಲ ದಿನ

ಚೆನ್ನೈ ಸೆಂಟ್ರಲ್‌ನಲ್ಲಿ ನಾನು ಎಷ್ಟು ಸಲ ಇಳಿದಿದ್ದೇನೋ ಲೆಕ್ಕವಿಲ್ಲ. ಚಿಕ್ಕವನಿದ್ದಾಗ ಅಜ್ಜಿಯ ಕಣ್ಣಿನ ಆಪರೇಷನ್ನಿಗೆ, ಆಮೇಲೆ ಅಕ್ಕನ ವೀಸಾ ಇಂಟರ್‌ವ್ಯೂಗೆ, ಮಧ್ಯೆ ಒಂದೆರಡು ಮದುವೆಗೆ. ಪ್ರತಿ ಸಲವೂ ಇಳಿದದ್ದೇ ಓಟ. ಬ್ಯಾಗು ಹೆಗಲಿಗೆ, ಆಟೋದವರ ಜೊತೆ ಜಗಳ, ಹೊರಟೆವು. ತಲೆ ಎತ್ತಿ ಸ್ಟೇಷನ್ ನೋಡಿದ ನೆನಪೇ ಇಲ್ಲ.

ಈ ಸಲ ಅದನ್ನೇ ನೋಡೋಣ ಅಂತ ಹೊರಟೆ. ಮನೆಯಲ್ಲಿ ಹೇಳಿದಾಗ ನಕ್ಕರು. "ರೈಲಲ್ಲಿ ಹೋಗಿ ಸ್ಟೇಷನ್ ನೋಡ್ಕೊಂಡು ವಾಪಸ್ ಬರ್ತೀಯಾ?" ನಗದೇ ಇದ್ದವರು ಒಬ್ಬರೇ, ಬಂಗಾರಪೇಟೆಯ ಸೋದರಮಾವ. ರೈಲ್ವೆಯಲ್ಲಿ ಗಾರ್ಡ್ ಆಗಿ ರಿಟೈರ್ ಆದವರು. "ನಾನೂ ಬರ್ತೀನಿ ಕಣೋ. ಕಾಲು ನೋವು, ಜಾಸ್ತಿ ನಡೆಸಬೇಡ ಅಷ್ಟೇ" ಅಂದರು. ಆಮೇಲೆ ಮೂರು ದಿನ ನನ್ನನ್ನು ನಡೆಸಿ ಸುಸ್ತು ಮಾಡಿದ್ದು ಅವರೇ.

ಮಧ್ಯಾಹ್ನದ ಬೃಂದಾವನ್ ಎಕ್ಸ್‌ಪ್ರೆಸ್ಸಿಗೆ ಕಂಟೋನ್ಮೆಂಟಿನಲ್ಲಿ ಹತ್ತಿದೆ. ಮೆಜೆಸ್ಟಿಕ್ ಹತ್ತಿರವೇ ಇದ್ದರೂ ಬೇಕೆಂದೇ ಕಂಟೋನ್ಮೆಂಟಿಗೆ ಹೋದೆ. ಬೆಂಗಳೂರಿಗೆ ರೈಲು ಮೊದಲು ಬಂದದ್ದು ಅಲ್ಲಿಗೇ, 1864ರಲ್ಲಿ, ಮದ್ರಾಸಿನಿಂದ. ದಂಡು ಇದ್ದ ಕಡೆಗೆ ರೈಲು. ಸಿಟಿ ಸ್ಟೇಷನ್ ಆಮೇಲಿನ ಮಾತು.

ಮಾವ ಬಂಗಾರಪೇಟೆಯಲ್ಲಿ ಹತ್ತಿದರು. ಕೈಯಲ್ಲಿ ಒಂದು ಹಳೆ ರೆಕ್ಸಿನ್ ಚೀಲ, ಒಂದು ಸ್ಟೀಲ್ ಡಬ್ಬಿ. ಡಬ್ಬಿಯಲ್ಲಿ ಅತ್ತೆ ಕಟ್ಟಿಕೊಟ್ಟ ಚಿತ್ರಾನ್ನ. ಕೂತ ತಕ್ಷಣ ಶುರು. "ನಮ್ಮೂರಿನ ಸ್ಟೇಷನ್ ಕೋಡ್ ಏನು ಹೇಳು?" ಬಿಡಬ್ಲ್ಯುಟಿ. "ಯಾಕೆ?" ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಹೆಸರು ಊರಿನ ಬೋರ್ಡಿನಿಂದ ಹೋಯಿತು, ಟಿಕೆಟ್ಟಿನಲ್ಲಿ ಇವತ್ತಿಗೂ ಉಳಿದಿದೆ. ಚೆನ್ನೈ ಸೆಂಟ್ರಲ್ಲಿನ ಕೋಡೂ ಹಾಗೇ, ಎಂಎಎಸ್. ಊರಿನ ಹೆಸರು 1996ರಲ್ಲೇ ಬದಲಾಯಿತು. ಕೋಡಿನಲ್ಲಿ ಇನ್ನೂ ಮದ್ರಾಸೇ.

ಬೃಂದಾವನ್ ಶುರುವಾದದ್ದು 1964ರ ಅಕ್ಟೋಬರ್ 1ರಂದು. ಆಗ ಅದಕ್ಕೆ ದೊಡ್ಡ ಹೆಸರು. ಹಗಲಲ್ಲೇ ಹೋಗಿ ಹಗಲಲ್ಲೇ ಮುಟ್ಟುವ ವೇಗದ ರೈಲು. ಈಗ ಶತಾಬ್ದಿ, ವಂದೇ ಭಾರತ್ ಬಂದು ಇದನ್ನು ಹಿಂದೆ ಹಾಕಿವೆ. ಸ್ಟಾಪುಗಳೂ ಹೆಚ್ಚಾಗಿವೆ. "ಇದನ್ನ ಈಗ ಪ್ಯಾಸೆಂಜರ್ ಮಾಡಿಬಿಟ್ಟಿದ್ದಾರೆ" ಅಂತ ಮಾವನಿಗೆ ಸಿಟ್ಟು. ಕುಪ್ಪಂ ದಾಟಿದ ಮೇಲೆ ಘಟ್ಟ ಇಳಿಯುತ್ತಾ ಹೋದ ಹಾಗೆ ಗಾಳಿ ಬಿಸಿಯಾಯಿತು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಚೆನ್ನೈ ಕಡಲ ಮಟ್ಟದಲ್ಲಿ. ಜೋಲಾರಪೇಟೆಗೆ ಬರುವಷ್ಟರಲ್ಲಿ ನನ್ನ ಸ್ವೆಟರ್ ಬ್ಯಾಗು ಸೇರಿತ್ತು. ಮಸಾಲ ವಡೆಯವನು ಬಂದ. ಇಬ್ಬರಿಗೂ ಎರಡೆರಡು.

ಜೋಲಾರಪೇಟೆಯಲ್ಲಿ ಮಾವ ಕಿಟಕಿಯಿಂದ ಕೈ ಚಾಚಿ ಸೇಲಂ ಕಡೆ ಹೋಗುವ ಹಳಿ ತೋರಿಸಿದರು. ಮದ್ರಾಸಿನಿಂದ ಹೊರಟ ಮೇನ್ ಲೈನ್ ಅದೇ. ಪಶ್ಚಿಮ ಕರಾವಳಿಯಲ್ಲಿ ಕಲ್ಲಿಕೋಟೆ ಹತ್ತಿರದ ಬೇಪೂರಿಗೆ ಅದು ಮೊದಲು ಮುಟ್ಟಿತು. ನಮ್ಮ ಬೆಂಗಳೂರಿನದು ಇಲ್ಲಿಂದ ಒಡೆದ ಬ್ರಾಂಚ್ ಲೈನ್. "ಬ್ರಾಂಚ್ ಲೈನಿನವರಪ್ಪ ನಾವು" ಅಂದರು ಮಾವ. ಐಟಿ ಸಿಟಿಯವನಿಗೆ ಸ್ವಲ್ಪ ಇರಿಸುಮುರಿಸಾಯಿತು, ನಿಜ.

ರಾತ್ರಿ ಒಂಬತ್ತರ ಮೇಲೆ ಬೇಸಿನ್ ಬ್ರಿಜ್ ಹತ್ತಿರ ರೈಲು ತೆವಳತೊಡಗಿತು. ಇಲ್ಲಿ ಯಾವಾಗಲೂ ಹೀಗೇ. ಎಲ್ಲರೂ ಎದ್ದು ಬಾಗಿಲಲ್ಲಿ ನಿಂತಾಗಿತ್ತು. ಮಾವ ಮಾತ್ರ ಕೂತೇ ಇದ್ದರು. "ಮುಂದೆ ಹಳಿ ಇಲ್ಲ ಕಣೋ. ರೈಲು ಎಲ್ಲೂ ಓಡಿ ಹೋಗಲ್ಲ. ಆಮೇಲೆ ಇಳಿಯೋಣ."

ಹೊರಗೆ ಬಂದು ರಸ್ತೆ ಆಚೆ ನಿಂತು ತಿರುಗಿ ನೋಡಿದೆ. ಕೆಂಪು ಗೋಡೆ, ಬಿಳಿ ಅಂಚು, ನಡುವೆ ಗಡಿಯಾರದ ಗೋಪುರ, ಎಲ್ಲಕ್ಕೂ ದೀಪ. ಮೂವತ್ತು ವರ್ಷದಿಂದ ಇದರ ಹೊಟ್ಟೆಯೊಳಗಿಂದ ಓಡಾಡಿದ್ದೇನೆ, ಮುಖ ನೋಡಿದ್ದು ಇವತ್ತು.

ವಾಲ್ ಟ್ಯಾಕ್ಸ್ ರೋಡಿನ ಒಂದು ಲಾಡ್ಜಿನಲ್ಲಿ ರೂಮು. ಫ್ಯಾನು ಗಡಗಡ. ಮಾವ ಐದು ನಿಮಿಷದಲ್ಲಿ ಗೊರಕೆ.

ಎರಡನೇ ದಿನ

ಬೆಳಿಗ್ಗೆ ಕಾಫಿ ಕುಡಿಯುವಾಗ ರಸ್ತೆಯ ಹೆಸರಿನ ಬಗ್ಗೆ ಮಾತು ಬಂತು. ವಾಲ್ ಟ್ಯಾಕ್ಸ್, ಅಂದರೆ ಗೋಡೆ ತೆರಿಗೆ. 18ನೇ ಶತಮಾನದಲ್ಲಿ ಫ್ರೆಂಚರ ಕಾಟ ತಾಳಲಾರದೆ ಇಂಗ್ಲಿಷರು ಇಲ್ಲಿನ ಪೇಟೆಯ ಸುತ್ತ ಗೋಡೆ ಕಟ್ಟಿಸಿದರು. ಖರ್ಚನ್ನು ಜನರಿಂದಲೇ ತೆರಿಗೆಯಾಗಿ ಎತ್ತಬೇಕು ಅಂದುಕೊಂಡರು. ಆ ತೆರಿಗೆ ಕೊನೆಗೂ ವಸೂಲಾಗಲಿಲ್ಲವಂತೆ. ಗೋಡೆಯೂ ಹೆಚ್ಚುಕಡಿಮೆ ಹೋಯಿತು. ಕೊಡದೇ ಇದ್ದ ತೆರಿಗೆಯ ಹೆಸರು ಮಾತ್ರ ರಸ್ತೆಗೆ ಅಂಟಿಕೊಂಡಿದೆ.

ಆ ಪೇಟೆಯ ಅಂಚಿನಲ್ಲಿದ್ದ ಬಯಲಲ್ಲೇ ಸೆಂಟ್ರಲ್ ಎದ್ದದ್ದು. ಮೊದಲು ಅದು ಜಾನ್ ಪೆರೇರಾ ಎಂಬ ಪೋರ್ಚುಗೀಸ್ ವ್ಯಾಪಾರಿಯ ತೋಟ. ನಾಗಪಟ್ಟಣದಲ್ಲಿದ್ದವನು 1660ರಲ್ಲಿ ಮದ್ರಾಸಿಗೆ ಬಂದು ನೆಲೆಸಿದ. ಅವನ ಕಾಲದ ನಂತರ ತೋಟ ಹಾಳುಬಿದ್ದು ಜೂಜುಕೋರರ ಅಡ್ಡೆಯಾಯಿತು. ಕೋಳಿ ಜಗಳ ಅಲ್ಲಿ ಜೋರಿತ್ತಂತೆ. 1873ರಲ್ಲಿ ಅಲ್ಲಿ ರೈಲು ಬಂದು ನಿಂತಿತು. ಕೋಲಾರದ ಕಡೆ ಕೋಳಿ ಪಂದ್ಯ ನೋಡಿ ಬೆಳೆದ ಮಾವನಿಗೆ ಇಡೀ ಇತಿಹಾಸದಲ್ಲಿ ಇದೊಂದೇ ಬಹಳ ಇಷ್ಟವಾದದ್ದು.

ಮೊದಲ ನಕ್ಷೆ ಜಾರ್ಜ್ ಹಾರ್ಡಿಂಗ್ ಎಂಬ ವಾಸ್ತುಶಿಲ್ಪಿಯದು. ಆಗ ಇದ್ದದ್ದು ನಾಲ್ಕೇ ಪ್ಲಾಟ್‌ಫಾರಂ. ಆಮೇಲೆ ರಾಬರ್ಟ್ ಚಿಸಂ ಕೈ ಹಾಕಿ ನಡುವಿನ ಗಡಿಯಾರ ಗೋಪುರ ಸೇರಿಸಿದರು, ಬೇರೆ ಗೋಪುರಗಳ ತಲೆಗೆ ತಿರುವಾಂಕೂರು ಕಡೆಯ ಮನೆಗಳ ಟೋಪಿಯಂಥ ಮಾಡು ಇಟ್ಟರು. ಈಗ ನಾವು ನೋಡುವ ರೂಪ ಮುಗಿದದ್ದು 1900ರಲ್ಲಿ. ಗಡಿಯಾರ ಗೋಪುರದ ಎತ್ತರ 136 ಅಡಿ, ನಾಲ್ಕೂ ದಿಕ್ಕಿಗೆ ಮುಖ. ಪಕ್ಕದಲ್ಲಿ ಅದೇ ಧಾಟಿಯ ಇನ್ನೊಂದು ಕಟ್ಟಡವಿದೆ, ಅದು 1998ರದು. ದೂರದಿಂದ ಎರಡೂ ಒಂದೇ ವಯಸ್ಸಿನವು ಅನ್ನಿಸುತ್ತದೆ. ಹತ್ತಿರ ಹೋದರೆ ಹೊಸದರ ಕಿಟಕಿಯಲ್ಲಿ ಎಸಿ ಡಬ್ಬಗಳು ಗುಟ್ಟು ಬಿಟ್ಟುಕೊಡುತ್ತವೆ. 2005ರಲ್ಲಿ ಯಾರಿಗೋ ಕೆಂಪು ಬೇಸರವಾಗಿ ತಿಳಿ ಕಂದು ಬಣ್ಣ ಬಳಿಸಿದ್ದರು. ಊರವರು ಗಲಾಟೆ ಮಾಡಿದ ಮೇಲೆ ಮತ್ತೆ ಕೆಂಪಾಯಿತು. ಒಳ್ಳೆಯದೇ ಮಾಡಿದರು.

ಬ್ಯಾಗುಗಳನ್ನು ಕ್ಲೋಕ್ ರೂಮಿನಲ್ಲಿಟ್ಟು ಆರಾಮಾಗಿ ಸುತ್ತೋಣ ಅಂತ ನನ್ನ ಯೋಚನೆ. ಮಾವನ ರೆಕ್ಸಿನ್ ಚೀಲಕ್ಕೆ ಬೀಗ ಇರಲಿಲ್ಲ. ಬೀಗ ಇಲ್ಲದ ಸಾಮಾನು ಕ್ಲೋಕ್ ರೂಮಿನಲ್ಲಿ ತೆಗೆದುಕೊಳ್ಳುವುದಿಲ್ಲ. ಮೂವತ್ತೈದು ವರ್ಷ ರೈಲ್ವೆಯಲ್ಲಿದ್ದವರಿಗೆ ಇದು ಗೊತ್ತಿರಲಿಲ್ಲವೇ? "ನಾನು ಯಾವತ್ತು ಕ್ಲೋಕ್ ರೂಮಿಗೆ ಹೋಗಿದ್ದೆ? ನಮಗೆ ರನ್ನಿಂಗ್ ರೂಮ್ ಇತ್ತು" ಅಂದರು. ರೈಲು ಸಿಬ್ಬಂದಿ ತಂಗುವ ಕೋಣೆ ಅದು. ಹೊರಗೆ ಚೈನು, ಬೀಗ, ಗಾಳಿ ತುಂಬುವ ತಲೆದಿಂಬು ಮಾರುವವನ ಹತ್ತಿರ ಒಂದು ಪುಟ್ಟ ಬೀಗ ತಗೊಂಡೆವು. ಅಂಗೈಯ ಅರ್ಧದಷ್ಟೂ ಇಲ್ಲ. ಜೋರಾಗಿ ಎಳೆದರೆ ಬಂದುಬಿಡುತ್ತೆ. ಮಾವ ಎಳೆದು ನೋಡಿದರು. ಬಂದೇ ಬಿಟ್ಟಿತು. ಇನ್ನೊಂದು ಕೊಟ್ಟ, ಪಾಪ, ದುಡ್ಡು ಕೇಳಲಿಲ್ಲ.

ಒಳಗೆ ಹಳಿಗಳು ಮುಗಿಯುವ ಜಾಗಕ್ಕೆ ಮಾವ ಕರೆದುಕೊಂಡು ಹೋದರು. ಸೆಂಟ್ರಲ್ ಅಂದರೆ ಇದೇ ಅನ್ನೋದು ಅವರ ಅಭಿಪ್ರಾಯ, ಹೊರಗಿನ ಗೋಪುರ ಅಲ್ಲ. ಎಲ್ಲ ಹಳಿಗಳೂ ಉತ್ತರದಿಂದ ಬಂದು ಸಾಲಾಗಿ ಇಲ್ಲಿ ನಿಂತುಬಿಡುತ್ತವೆ. ತುದಿಯಲ್ಲಿ ರೈಲು ತಡೆಯುವ ಬಫರ್. ಕೆಳಗೆ ಜಲ್ಲಿಯ ಮೇಲೆ ಎಣ್ಣೆ ಇಳಿದು ಕಪ್ಪಾಗಿದೆ. ಒಂದು ಎಂಜಿನ್ ಬಂದು ಬಫರಿನಿಂದ ಮಾರು ದೂರದಲ್ಲಿ ನಿಂತು ಉಸಿರುಬಿಡುತ್ತಿತ್ತು. ಅದು ಈಗ ಸಿಕ್ಕಿಹಾಕಿಕೊಂಡ ಹಾಗೆ. ಹಿಂದಿನ ತುದಿಗೆ ಇನ್ನೊಂದು ಎಂಜಿನ್ ಬಂದು ಬೋಗಿಗಳನ್ನು ಎಳೆದುಕೊಂಡು ಹೋದ ಮೇಲಷ್ಟೇ ಇದಕ್ಕೆ ಬಿಡುಗಡೆ. "ಇಲ್ಲಿಗೆ ಬರೋದು ಸುಲಭ. ಹೊರಗೆ ಹೋಗೋದೇ ಕಷ್ಟ. ಅದಕ್ಕೇ ಬೇಸಿನ್ ಬ್ರಿಜ್ ಹತ್ತಿರ ಕಾಯೋದು." ಒಂದು ಗಾಡಿ ಹಿಂದಕ್ಕೆ ಹೋಗದೆ ಇನ್ನೊಂದಕ್ಕೆ ಜಾಗವಿಲ್ಲ. ದೂರದ ರೈಲುಗಳಿಗೆ 12, ಪಕ್ಕದ ಲೋಕಲ್‌ಗೆ 5, ಒಟ್ಟು 17 ಪ್ಲಾಟ್‌ಫಾರಂ ಇದ್ದರೂ ಅಷ್ಟೇ.

ಪಕ್ಕದಲ್ಲೇ ಗಾರ್ಡಿನ ಪೆಟ್ಟಿಗೆಗಳು ಬಿದ್ದಿದ್ದವು. ಕಬ್ಬಿಣದ ಟ್ರಂಕು, ಮೇಲೆ ಬಿಳಿ ಬಣ್ಣದಲ್ಲಿ ಹೆಸರು. ಲೈನ್ ಬಾಕ್ಸ್ ಅಂತಾರೆ. ಬಾವುಟ, ದೀಪ, ಎಚ್ಚರಿಕೆಗೆ ಹಳಿ ಮೇಲಿಡುವ ಪಟಾಕಿ ಎಲ್ಲ ಅದರಲ್ಲೇ. ಮಾವ ಒಂದರ ಮೇಲೆ ಕೈಯಿಟ್ಟು ಸುಮ್ನೆ ನಿಂತರು. "ಈಗ ಗಾರ್ಡ್ ಅನ್ನಂಗಿಲ್ವಂತೆ. ಟ್ರೈನ್ ಮ್ಯಾನೇಜರ್!" ಅಂದರು ಸ್ವಲ್ಪ ಹೊತ್ತಾದ ಮೇಲೆ.

ಒಂಬತ್ತನೇ ಪ್ಲಾಟ್‌ಫಾರಮ್ಮಿನ ಹತ್ತಿರ ನಡೆಯುವಾಗ 2014 ನೆನಪಾಯಿತು. ಆ ವರ್ಷ ಮೇ 1ರ ಬೆಳಿಗ್ಗೆ ಗುವಾಹಟಿಯಿಂದ ಬೆಂಗಳೂರಿಗೆ ಬರುತ್ತಿದ್ದ ರೈಲು ಇಲ್ಲಿ ನಿಂತಾಗ ಎರಡು ಬೋಗಿಯಲ್ಲಿ ಬಾಂಬ್ ಸಿಡಿಯಿತು. 24 ವರ್ಷದ ಹುಡುಗಿಯೊಬ್ಬಳು ಸತ್ತಳು. ಅದೇ ಜಾಗದಲ್ಲಿ ಈಗ ಈಶಾನ್ಯದ ಹುಡುಗರ ಗುಂಪೊಂದು ಚಾದರ ಹಾಸಿ ಮಲಗಿತ್ತು. ಬೆಂಗಳೂರಿನ ಕಡೆಗೋ, ಕೇರಳದ ಕಡೆಗೋ.

ಊಟ ಮುಗಿಸಿ, ಹಳೆಯ ಸ್ಟೇಷನ್ ಇರುವ ರಾಯಪುರಂಗೆ ಹೊರಟೆವು. ದಾರಿ ನನಗೆ ಗೊತ್ತು ಅಂದರು ಮಾವ. ಸೆಂಟ್ರಲ್ ಪಕ್ಕದ ಲೋಕಲ್ ಸ್ಟೇಷನ್ನಿನಲ್ಲಿ ಟಿಕೆಟ್ ತಗೊಂಡು, ಸಿಕ್ಕ ರೈಲು ಹತ್ತಿದೆವು. ಬೇಸಿನ್ ಬ್ರಿಜ್ ಬಂತು, ಹೋಯಿತು. ವ್ಯಾಸರ್ಪಾಡಿ ಬಂತು. ಎದುರಿನ ಸೀಟಿನ ಹೂವಿನಮ್ಮ ನಮ್ಮ ಮಾತು ಕೇಳಿ ಹಣೆ ಚಚ್ಚಿಕೊಂಡಳು. ರಾಯಪುರಂಗೆ ಹೋಗಬೇಕಾದರೆ ಬೀಚ್ ಸ್ಟೇಷನ್ನಿನ ಕಡೆಯ ರೈಲು ಹಿಡಿಯಬೇಕಿತ್ತು. ಇಳಿದು ಆಟೋ ಮಾಡಿದೆವು. ಮಾವ ದಾರಿಯುದ್ದಕ್ಕೂ ಮಾತಾಡಲಿಲ್ಲ. ನಾನೂ ಕೆದಕಲಿಲ್ಲ.

ತಪ್ಪು ರೈಲು ಹತ್ತಿದ್ದೂ ಒಂದು ರೀತಿ ಪಾಠವೇ ಆಯಿತು. ಸೆಂಟ್ರಲ್‌ಗೂ ರಾಯಪುರಂಗೂ ಈಗ ನೇರ ಸಂಬಂಧವೇ ಇಲ್ಲ. ಆದರೆ ಎಲ್ಲ ಶುರುವಾದದ್ದು ರಾಯಪುರಂನಲ್ಲಿ. 1856ರ ಜೂನ್ 28ರಂದು ಗವರ್ನರ್ ಲಾರ್ಡ್ ಹ್ಯಾರಿಸ್ ಇದನ್ನು ಉದ್ಘಾಟಿಸಿದರು. ಜುಲೈ 1ಕ್ಕೆ ಇಲ್ಲಿಂದ ಆರ್ಕಾಟ್ ಹತ್ತಿರದ ವಾಲಾಜಾ ರೋಡಿಗೆ ಜನರ ರೈಲು ಹೊರಟಿತು. ದಕ್ಷಿಣದಲ್ಲೇ ಮೊದಲನೆಯದು. ಬೊಂಬಾಯಿಯಲ್ಲಿ 1853ರಲ್ಲೇ ರೈಲು ಓಡಿತ್ತು ನಿಜ, ಆದರೆ ಆ ಕಾಲದ ಬೋರಿ ಬಂದರ್ ಸ್ಟೇಷನ್ ಈಗಿಲ್ಲ. ಹಾಗಾಗಿ ದೇಶದಲ್ಲಿ ಉಳಿದಿರುವ ಸ್ಟೇಷನ್ ಕಟ್ಟಡಗಳಲ್ಲಿ ರಾಯಪುರಂನದೇ ಹಿರಿಯದು.

ಎತ್ತರದ ಕಂಬಗಳ ಸಾಲು, ಅದರ ಹಿಂದೆ ಒಂದಂತಸ್ತಿನ ಕೆಂಪು ಕಟ್ಟಡ. ಯಾವುದೋ ಹಳೆ ಜಮೀನ್ದಾರರ ಮನೆ ಜಗಲಿಯ ಹಾಗಿದೆ. ಸಂಜೆ ಬಿಸಿಲು. ಪ್ಲಾಟ್‌ಫಾರಮ್ಮಿನಲ್ಲಿ ನಾವಿಬ್ಬರು, ಒಂದು ನಾಯಿ, ಮೀನಿನ ಖಾಲಿ ಬುಟ್ಟಿ ಮಗುಚಿ ಅದರ ಮೇಲೆ ಕೂತ ಒಬ್ಬಾಕೆ. ಬಂದರು ಹತ್ತಿರ ಇದೆ ಅಂತಲೇ ಸ್ಟೇಷನ್ ಇಲ್ಲಿ ಕಟ್ಟಿದ್ದು. ಗದ್ದಲ ಹೆಚ್ಚಾದಾಗ ಭಾರ ಇಳಿಸಲು ಎರಡನೇ ಸ್ಟೇಷನ್ ಮಾಡಿದರು, ಅದೇ ಸೆಂಟ್ರಲ್. 1907ರಲ್ಲಿ ಬೀಚ್ ಲೈನ್ ಮುಂದಕ್ಕೆ ಹೋದಾಗ ರಾಯಪುರಂ ಕೊನೆಯ ನಿಲ್ದಾಣವಾಗಿ ಉಳಿಯಲಿಲ್ಲ. ದೂರದ ರೈಲುಗಳೆಲ್ಲ ಸೆಂಟ್ರಲ್ ಪಾಲಾದವು. ಹಿರಿಯಣ್ಣನಿಗೆ ಸಹಾಯಕ್ಕೆ ಅಂತ ಬಂದ ತಮ್ಮ ಮನೆಯನ್ನೇ ತನ್ನದು ಮಾಡಿಕೊಂಡ ಹಾಗೆ. 1864ರಲ್ಲಿ ಬೆಂಗಳೂರಿನ ಕಂಟೋನ್ಮೆಂಟಿನಿಂದ ಮದ್ರಾಸಿಗೆ ಟಿಕೆಟ್ ತಗೊಂಡವರು ಬಂದು ಇಳಿದದ್ದು ಈ ಕಂಬಗಳ ನಡುವೆಯೇ. ಸೆಂಟ್ರಲ್ ಆಗಿನ್ನೂ ಕೋಳಿ ಜಗಳದ ತೋಟ.

ಮೂರನೇ ದಿನ

ಸೆಂಟ್ರಲ್ ಪಕ್ಕದಲ್ಲೇ ಗುಮ್ಮಟಗಳಿರುವ ಕಲ್ಲಿನ ಬಣ್ಣದ ದೊಡ್ಡ ಕಟ್ಟಡವೊಂದಿದೆ. ದಕ್ಷಿಣ ರೈಲ್ವೆಯ ಹೆಡ್ ಆಫೀಸ್. ಅದರ ಗೇಟಿನ ಎದುರು ಮಾವ ಷರ್ಟಿನ ತೋಳು ಇಳಿಸಿ ಗುಂಡಿ ಹಾಕಿಕೊಂಡರು. ರಿಟೈರ್ ಆಗಿ ಎಷ್ಟೋ ವರ್ಷವಾಯಿತು, ಆದರೂ. "ಟ್ರಾನ್ಸ್‌ಫರ್, ಪ್ರಮೋಷನ್, ಮೆಮೊ... ಎಲ್ಲ ಇಲ್ಲಿಂದಲೇ ಬರ್ತಿತ್ತು. ಒಂದು ಸಲಾನೂ ಒಳಗೆ ಹೋಗಿಲ್ಲ."

ಈ ಕಟ್ಟಡ 1922ರದು. ಆಗ ಇದು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯ ಆಫೀಸು. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಲೈನುಗಳೆಲ್ಲ ಆ ಕಂಪನಿಯವೇ. 1951ರ ಏಪ್ರಿಲ್ 14ರಂದು ಆ ಕಂಪನಿ, ಸೌತ್ ಇಂಡಿಯನ್ ರೈಲ್ವೆ, ನಮ್ಮ ಮೈಸೂರು ಸ್ಟೇಟ್ ರೈಲ್ವೆ ಮೂರೂ ಸೇರಿ ದಕ್ಷಿಣ ರೈಲ್ವೆ ಆಯಿತು. 2003ರಲ್ಲಿ ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆ ಶುರುವಾಗುವ ತನಕ ಬೆಂಗಳೂರು, ಮೈಸೂರಿನ ರೈಲಿನ ಹಣೆಬರಹ ಬರೆಯುತ್ತಿದ್ದದ್ದು ಇಲ್ಲೇ. ನಾವು ಚಿಕ್ಕವರಿದ್ದಾಗ ಮಾವ "ಮದ್ರಾಸಿಂದ ಆರ್ಡರ್ ಬಂದಿದೆ" ಅನ್ನುತ್ತಿದ್ದರು. ಯಾರೋ ಮನುಷ್ಯ ಇರಬೇಕು ಅಂದುಕೊಂಡಿದ್ದೆ.

ಇತ್ತ ಕಡೆ ರಿಪ್ಪನ್ ಬಿಲ್ಡಿಂಗ್, ಬೆಳ್ಳಗೆ ಹಲ್ಲು ಕಿರಿಯುತ್ತಾ ನಿಂತಿದೆ. ನಗರಪಾಲಿಕೆ ಆಫೀಸು, 1913ರದು. ಫೋಟೋ ತೆಗೆದು ಮುಂದೆ ಹೋದೆವು.

ನನಗೆ ನೋಡಬೇಕಿದ್ದದ್ದು ಮೂರ್ ಮಾರ್ಕೆಟ್. ಈಗ ಅದು ಇಲ್ಲ. 1900ರಲ್ಲಿ ಶುರುವಾದ ಕೆಂಪು ಮಾರುಕಟ್ಟೆ ಅದು. ಹಳೆ ಪುಸ್ತಕಕ್ಕೆ ದಕ್ಷಿಣದಲ್ಲೆಲ್ಲ ಹೆಸರಾಗಿತ್ತು. 1985ರ ಮೇ ತಿಂಗಳಲ್ಲಿ ಬೆಂಕಿ ಬಿದ್ದು ಹೋಯಿತು. ಆ ಜಾಗದಲ್ಲಿ ಎದ್ದದ್ದೇ ನಾವು ನಿನ್ನೆ ತಪ್ಪು ರೈಲು ಹತ್ತಿದ ಲೋಕಲ್ ಸ್ಟೇಷನ್. ಪ್ಲಾಟ್‌ಫಾರಮ್ಮಿಗೆ ಇನ್ನೂ ಮೂರ್ ಮಾರ್ಕೆಟ್ ಅಂತಲೇ ಹೆಸರು. ಅಲ್ಲಿನ ಪುಸ್ತಕದಂಗಡಿಯವರಿಗೆ ಹತ್ತಿರದಲ್ಲೇ ಅಲ್ಲಿಕುಳಂನಲ್ಲಿ ಜಾಗ ಕೊಟ್ಟರು. ಹೋಗಿ ಹುಡುಕಿದೆವು. ಜಾಸ್ತಿ ಎಂಜಿನಿಯರಿಂಗ್ ಗೈಡುಗಳೇ. ಒಂದು ಮೂಲೆಯಲ್ಲಿ ಮಾವ ಕೂತುಬಿಟ್ಟರು. ಕೈಯಲ್ಲಿ ದಕ್ಷಿಣ ರೈಲ್ವೆಯ ಹಳೆ ಟೈಮ್ ಟೇಬಲ್, ಎಂಬತ್ತರ ದಶಕದ್ದು. ರಟ್ಟು ಕಿತ್ತುಹೋಗಿದೆ, ಯಾರೋ ಕೊಯಮತ್ತೂರಿನ ರೈಲುಗಳಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾರೆ. ಅಂಗಡಿಯವನು ಇನ್ನೂರು ಅಂದ. ಮಾವ ತಮಿಳಿನಲ್ಲಿ ಅರ್ಧ ಗಂಟೆ ಚೌಕಾಸಿ ಮಾಡಿ, ತಾನೂ ರೈಲ್ವೆಯವನೇ ಅಂತ ಹೇಳಿ, ನೂರಕ್ಕೆ ಇಳಿಸಿದರು. ಆಮೇಲೆ ಟೀ ಕುಡಿಸಿ ಮೂವತ್ತು ಅಲ್ಲೇ ಖರ್ಚು ಮಾಡಿದರು.

ಸಂಜೆ ಎಗ್ಮೋರ್, ಚೆನ್ನೈನ ಇನ್ನೊಂದು ದೊಡ್ಡ ಸ್ಟೇಷನ್. ಮೆಟ್ರೊದಲ್ಲಿ ಒಂದೇ ಸ್ಟೇಷನ್. 2018ರಿಂದ ಈ ಅನುಕೂಲ. ಮೊದಲು ಬೆಂಗಳೂರಿನಿಂದ ಬಂದು ತಿರುಚ್ಚಿ, ಮಧುರೆ ಕಡೆಯ ರೈಲು ಹಿಡಿಯಬೇಕಾದವರು ಗಂಟು ಮೂಟೆ ಸಮೇತ ಜಟಕಾ ಮಾಡಿಕೊಂಡು ಎಗ್ಮೋರಿಗೆ ಓಡಬೇಕಿತ್ತು. ಎರಡೂ ಬೇರೆ ಬೇರೆ ಕಂಪನಿಯವು. ಆಗ ಸೆಂಟ್ರಲ್ಲಿನದು ಅಗಲ ಹಳಿಯ ಬ್ರಾಡ್ ಗೇಜ್, ಎಗ್ಮೋರಿನದು ಕಿರಿದಾದ ಮೀಟರ್ ಗೇಜ್.

ಎಗ್ಮೋರಿನ ಕಮಾನು, ಗುಮ್ಮಟ ನೋಡುತ್ತಾ ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿತು. ಅನ್ನಿಸಲೇಬೇಕು. ಇದರ ನಕ್ಷೆ ಹೆನ್ರಿ ಇರ್ವಿನ್‌ರದು. ನಮ್ಮ ಮೈಸೂರು ಅರಮನೆಯೂ ಅವರದೇ. 1897ರಲ್ಲಿ ಹಳೆ ಮರದ ಅರಮನೆ ಸುಟ್ಟ ಮೇಲೆ ಹೊಸದನ್ನು ಕಟ್ಟುತ್ತಿದ್ದರಲ್ಲ, ಅದು ಮುಗಿದದ್ದು 1912ರಲ್ಲಿ. ಎಗ್ಮೋರ್ ತೆರೆದದ್ದು 1908ರಲ್ಲಿ. ಒಂದು ಕೈಯಲ್ಲಿ ಅರಮನೆ, ಇನ್ನೊಂದರಲ್ಲಿ ರೈಲ್ವೆ ಸ್ಟೇಷನ್. ಚೆಂದ ನೋಡಿದರೆ ಎಗ್ಮೋರೇ ಮೇಲು ಅಂತ ನನಗನ್ನಿಸಿತು. ಮಾವ ಒಪ್ಪಲಿಲ್ಲ. "ಅರಮನೆ ಥರ ಇದ್ದರೆ ಅದು ಸ್ಟೇಷನ್ ಹೆಂಗಾಗುತ್ತೆ?" ಅಂದರು.

ವಾಪಸ್ ಬರಲು ಆಟೋದವನಿಗೆ ನಾನು ಬೇಕೆಂದೇ ಪೂರ್ತಿ ಹೆಸರು ಹೇಳಿದೆ: ಪುರಚ್ಚಿ ತಲೈವರ್ ಡಾಕ್ಟರ್ ಎಂ.ಜಿ. ರಾಮಚಂದ್ರನ್ ಸೆಂಟ್ರಲ್ ರೈಲ್ವೆ ಸ್ಟೇಷನ್. 2019ರಲ್ಲಿ ಇಟ್ಟ ಹೆಸರು. ಅವನು ಒಂದು ಕ್ಷಣ ನನ್ನ ಮುಖ ನೋಡಿ "ಸೆಂಟ್ರಲಾ?" ಅಂದ. ಪುರಚ್ಚಿ ಅಂದರೆ ಕ್ರಾಂತಿ. ನಮ್ಮ ಮೆಜೆಸ್ಟಿಕ್ ಸ್ಟೇಷನ್ನಿನ ಹೆಸರಲ್ಲಿರುವ ಕೆಎಸ್ಆರ್ ಅಂದರೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ. ಬೃಂದಾವನ್ ದಿನವೂ ಒಂದು ಕ್ರಾಂತಿಯಿಂದ ಇನ್ನೊಂದು ಕ್ರಾಂತಿಗೆ ಓಡಾಡುತ್ತಿದೆ, ಹತ್ತಿದವರು ಮೆಜೆಸ್ಟಿಕ್, ಸೆಂಟ್ರಲ್ ಅಂತಲೇ ಹೇಳುತ್ತಿದ್ದಾರೆ.

ನಾಲ್ಕನೇ ದಿನ

ಬೆಳಿಗ್ಗೆ ಏಳೂ ಮುಕ್ಕಾಲರ ಒಳಗೆ ಬೃಂದಾವನ್ ಹೊರಡುತ್ತದೆ. ಪ್ಲಾಟ್‌ಫಾರಮ್ಮಿನಲ್ಲಿ ಇಡ್ಲಿ ಪೊಟ್ಟಣ ಕಟ್ಟಿಸಿಕೊಂಡು ಹತ್ತಿದೆವು. ಬಾಳೆ ಎಲೆ ಮೇಲೆ ಪೇಪರು, ಅದಕ್ಕೆ ದಾರ. ಚಟ್ನಿ ಸೋರಿ ಮಾವನ ಟೈಮ್ ಟೇಬಲ್ಲಿನ ಮೇಲೆ ಬಿತ್ತು. ಕೊಯಮತ್ತೂರಿನ ಪುಟದ ಮೇಲೆ, ಸದ್ಯ.

ಮಾವ ಕನ್ನಡಕ ಹಾಕಿ ಬೃಂದಾವನ್ ಪುಟ ತೆಗೆದಿಟ್ಟುಕೊಂಡರು. ಅರಕ್ಕೋಣಂ ಬಂದಾಗ ವಾಚು ನೋಡಿದರು, ಪುಟ ನೋಡಿದರು. ಕಾಟ್ಪಾಡಿಯಲ್ಲೂ ಹಾಗೇ. ಜೋಲಾರಪೇಟೆಯಲ್ಲಿ ವಡೆಯವನನ್ನು ಕೂಡ ಗಮನಿಸಲಿಲ್ಲ. ಘಟ್ಟ ಹತ್ತುವಾಗ ನಾನು ಮತ್ತೆ ಸ್ವೆಟರ್ ಹುಡುಕುತ್ತಿದ್ದೆ, ಅವರು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು.

ಬಂಗಾರಪೇಟೆಯಲ್ಲಿ ಚೀಲ ಇಳಿಸಿಕೊಟ್ಟೆ. ಪುಟ್ಟ ಬೀಗ ಇನ್ನೂ ನೇತಾಡುತ್ತಿತ್ತು, ಬೀಗದ ಕೈ ಎಲ್ಲೋ ಕಳೆದಿತ್ತು. ರೈಲು ಹೊರಡುವಾಗ ಮಾವ ಕಿಟಕಿಯ ಪಕ್ಕ ನಾಲ್ಕು ಹೆಜ್ಜೆ ನಡೆದು ಬಂದರು.

"ಏನು ಮಾವ, ನಿಮ್ಮ ಕಾಲದಲ್ಲೇ ಬೇಗ ಮುಟ್ಟುತ್ತಿತ್ತಾ?"

"ಅಲ್ವಾ ಮತ್ತೆ!" ಅಂದರು. ಆಮೇಲೆ ಎಂದಿನ ಅಭ್ಯಾಸದಂತೆ ರೈಲಿನ ಹಿಂಬದಿಗೆ ತಿರುಗಿ ನೋಡಿ, ಕೊನೆಯ ಬೋಗಿ ದಾಟುವ ತನಕ ಅಲ್ಲೇ ನಿಂತರು.